ಕಾವಿಯ ಕೆಂಪು ಯಾರ ಕಣ್ಣಿನದು?

ಕುಮಟಾ ಕಡೆಯ ನಮ್ಮೂರಿನಲ್ಲಿ ಕೆಲವು ವರ್ಷಗಳ ಹಿಂದೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸಭೆ ಸೇರಿತ್ತು. ಹೊರಗೋಡೆಯ ಮೇಲೆ ಕಾವಿ, ಅಂದರೆ ಕೆಮ್ಮಣ್ಣಿನ ಚಿತ್ರಗಳಿದ್ದವು. ಬಿಳಿ ಸುಣ್ಣದ ನಡುವೆ ಕೆಂಪು ಬಳ್ಳಿ, ಜೋಡಿ ನವಿಲು, ಒಂದು ಗರುಡ, ಅರ್ಧ ಮುಖ ಉದುರಿಹೋದ ದ್ವಾರಪಾಲ. ಮಳೆಗಾಲದ ಇರಚಲು ಬಡಿದು ಕೆಳಗಿನ ಮೂರಡಿ ಪಾಚಿಗಟ್ಟಿತ್ತು. ಗೋಡೆಗೆ ಟೈಲ್ಸ್ ಹಾಕಿಸೋಣ, ತೊಳೆಯೋದು ಸುಲಭ ಅಂತ ಹೆಚ್ಚಿನವರ ಮಾತು. ಚಿತ್ರ ಚಂದ ಇವೆಯಲ್ಲ, ಉಳಿಸೋಣ ಅಂದವರು ನಾವು ಮೂರೋ ನಾಲ್ಕೋ ಜನ. ಆಗ ಹಿರಿಯ ಮೊಕ್ತೇಸರರು ನಗುತ್ತ ಹೇಳಿದರು: "ಚಂದ ಅನ್ನೋದು ಅವರವರ ಕಣ್ಣಿಗೆ ಬಿಟ್ಟದ್ದು ತಮಾ. ನಿಂಗೆ ಅದು ಚಂದ, ನಂಗೆ ಟೈಲ್ಸ್ ಚಂದ."

ಅಲ್ಲಿಗೆ ಮಾತು ಮುಗಿಯಿತು. ಚಹಾ ಬಂತು. ಮುಂದಿನ ವಿಷಯ ಧ್ವನಿವರ್ಧಕದ ಖರ್ಚು.

ನನಗೆ ಟೈಲ್ಸಿಗಿಂತ ಜಾಸ್ತಿ ಕಾಡಿದ್ದು ಆ ಮಾತು. ಖರ್ಚು ಎಷ್ಟು, ಗೋಡೆ ಎಷ್ಟು ವರ್ಷ ಬಾಳುತ್ತದೆ, ಊಟಕ್ಕೆ ಎಷ್ಟು ಜನ ಬರುತ್ತಾರೆ, ಎಲ್ಲದಕ್ಕೂ ಅರ್ಧರ್ಧ ಗಂಟೆ ಚರ್ಚೆ ಆಗಿತ್ತು. ಚಂದದ ವಿಷಯ ಬಂದಾಗ ಮಾತ್ರ ಒಂದೇ ವಾಕ್ಯಕ್ಕೆ ಬಾಗಿಲು ಮುಚ್ಚಿತು. ಸಂಸ್ಕೃತ ಬಲ್ಲವರು ಇದನ್ನೇ "ಲೋಕೋ ಭಿನ್ನರುಚಿಃ" ಅಂತ ಗಂಭೀರವಾಗಿ ಹೇಳುತ್ತಾರೆ. ಈಗ ಕರಾವಳಿಯಲ್ಲಿ ಬಂದರು, ರೆಸಾರ್ಟ್, ಹೆದ್ದಾರಿ, ಗುಡ್ಡ ಕಡಿಯುವ ಕೆಲಸ ಯಾವುದರ ಚರ್ಚೆ ಎದ್ದರೂ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಸೌಂದರ್ಯ ಅಂದರೆ ಬರೀ ಭಾವನೆ, ಅದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ, ಲೆಕ್ಕಕ್ಕೆ ಸಿಗೋದನ್ನ ಮಾತಾಡಿ.

ನಮ್ಮ ಕಾನೂನೇ ಹಾಗೆ ಮಾತಾಡಿದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರುವರಿಯಲ್ಲಿ. ಎಲ್ಲರ ಬಾಯಲ್ಲಿ ಇರುವ ಸಿಆರ್‌ಝಡ್ ಅಂದರೆ ಇದೇ. ಅತಿ ಜಾಸ್ತಿ ರಕ್ಷಣೆ ಬೇಕಾದ ಒಂದನೇ ವರ್ಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹವಳದ ದಿಬ್ಬ, ಮೀನು ಮೊಟ್ಟೆ ಇಡುವ ಜಾಗಗಳ ಜೊತೆಗೆ ಇನ್ನೂ ಒಂದು ಮಾತು ಇತ್ತು: ಅಸಾಧಾರಣ ನೈಸರ್ಗಿಕ ಸೌಂದರ್ಯವಿರುವ ಪ್ರದೇಶಗಳು. ಹೌದು, ಭಾರತ ಸರ್ಕಾರದ ಕಾಗದದಲ್ಲಿ ಸೌಂದರ್ಯ ಅನ್ನೋ ಶಬ್ದ ಮೀನಿನ ಮೊಟ್ಟೆಯ ಪಕ್ಕದಲ್ಲೇ ಕೂತಿತ್ತು. 2011ರ ಅಧಿಸೂಚನೆಯಲ್ಲಿ ಪಟ್ಟಿ ಇನ್ನೂ ಉದ್ದವಾಯಿತು. ಮರಳು ದಿಬ್ಬ ಬಂತು, ಆಮೆ ಮೊಟ್ಟೆ ಇಡುವ ತೀರ ಬಂತು, ಕೆಸರು ಬಯಲು, ಕಡಲ ಹುಲ್ಲು, ಹಕ್ಕಿ ಗೂಡು ಕಟ್ಟುವ ಜಾಗ ಎಲ್ಲ ಬಂದವು. ಸೌಂದರ್ಯ ಮಾತ್ರ ಬಿಟ್ಟುಹೋಯಿತು. 2019ರ ಅಧಿಸೂಚನೆಯಲ್ಲೂ ಅದು ಮರಳಿ ಬರಲಿಲ್ಲ.

ಇದು ಪಿತೂರಿ ಅಂತ ನಾನು ಹೇಳುತ್ತಿಲ್ಲ. ಅಧಿಕಾರಿಯ ಜಾಗದಲ್ಲಿ ಕೂತು ನೋಡಿದರೆ ಕಾರಣ ಅರ್ಥ ಆಗುತ್ತದೆ. ಕಾಂಡ್ಲಾ ಕಾಡು ಸಾವಿರ ಚದರ ಮೀಟರಿಗಿಂತ ದೊಡ್ಡದಿದೆಯೋ ಇಲ್ಲವೋ ಅಳೆಯಬಹುದು. ಆಮೆ ಬಂದು ಮೊಟ್ಟೆ ಇಟ್ಟಿದೆಯೋ ಇಲ್ಲವೋ ಎಣಿಸಬಹುದು. ಗೋಕರ್ಣದ ಓಂ ತೀರ ಎಷ್ಟು ಚಂದ ಅಂತ ಯಾವ ಟೇಪಿನಲ್ಲಿ ಅಳೆಯೋದು? ಹೀಗಾಗಿ ಅಳತೆಗೆ ಸಿಕ್ಕದ್ದು ಉಳಿಯಿತು, ಸಿಗದ್ದು ಜಾರಿತು. ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಕೇಳುವಾಗ ತುಂಬುವ ನಮೂನೆಯಲ್ಲಿ, ಅಂದರೆ 2006ರ ಅಧಿಸೂಚನೆಯ ಪ್ರಕಾರ, ನಿಮ್ಮ ಕಟ್ಟಡದಿಂದ ನೋಟಕ್ಕೆ ಅಡ್ಡಿ ಆಗುತ್ತದೆಯೇ ಅಂತ ಒಂದು ಪ್ರಶ್ನೆ ಇದೆ. ಆದರೆ ಉತ್ತರ ತುಂಬುವವನು ಕಟ್ಟಡ ಕಟ್ಟುವವನೇ. ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ?

ಈ ಗಾದೆಯನ್ನ ಸ್ವಲ್ಪ ನಿಂತು ನೋಡಬೇಕು. ಚಂದ ಅನ್ನೋದು ನೋಡುವವರ ಕಣ್ಣಲ್ಲಿದೆ ಅನ್ನೋದಕ್ಕೆ ಸಾಕ್ಷಿಯಾಗಿ ಜನ ಇದನ್ನ ಹೇಳುತ್ತಾರೆ. ಆದರೆ ಗಾದೆ ಹೇಳುತ್ತಿರುವುದು ಅದರ ಉಲ್ಟಾ. ಹೆತ್ತವರಿಗೆ ಮುದ್ದಾಗಿ ಕಂಡರೂ ಹೆಗ್ಗಣ ಹೆಗ್ಗಣವೇ. ಹೆತ್ತವರ ಕಣ್ಣಿಗೆ ಪ್ರೀತಿಯ ಪೊರೆ ಬಂದಿದೆ, ನಮ್ಮ ಕಣ್ಣಿಗೆ ಬಂದಿಲ್ಲ, ಅದಕ್ಕೇ ನಗು. ಚಂದಕ್ಕೆ ಯಾವ ಅಳತೆಯೂ ಇಲ್ಲ ಅಂತಾದರೆ ಇದರಲ್ಲಿ ನಗುವಂಥದ್ದು ಏನೂ ಇರುತ್ತಿರಲಿಲ್ಲ.

ಈ ಪ್ರಶ್ನೆಗೂ ಕಾರವಾರಕ್ಕೂ ಒಂದು ಹಳೇ ನಂಟಿದೆ. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯ, ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಇಪ್ಪತ್ತೆರಡು ವರ್ಷ. ಅರ್ಧಚಂದ್ರದ ಹಾಗೆ ಬಾಗಿದ ತೀರ, ಗಾಳಿಮರಗಳ ಸಾಲು, ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಏರಿ ಹೋದದ್ದು, ಇದನ್ನೆಲ್ಲ ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದುಕೊಂಡರು. ಲೋಕವನ್ನ ಬಿಟ್ಟು ಗೆದ್ದೆ ಅಂದುಕೊಂಡ ಸನ್ಯಾಸಿಯನ್ನ ಒಂದು ಪುಟ್ಟ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುವ ನಾಟಕವನ್ನ ಬರೆದದ್ದೂ ಇಲ್ಲೇ. ನಗರದ ಮುಂದಿನ ತೀರಕ್ಕೆ ಈಗ ಅವರದೇ ಹೆಸರು.

ಅದಾಗಿ 47 ವರ್ಷಕ್ಕೆ, 1930ರ ಜುಲೈ 14ರಂದು, ಬರ್ಲಿನ್ ಹತ್ತಿರದ ಕಾಪುಟ್ ಎಂಬ ಹಳ್ಳಿಯಲ್ಲಿ ಟಾಗೋರರು ಐನ್‌ಸ್ಟೈನರ ಮನೆಯಲ್ಲಿ ಕೂತಿದ್ದರು. ಮಾತು ಸತ್ಯ ಮತ್ತು ಸೌಂದರ್ಯದ ಮೇಲೆ ಬಂತು. ಇವೆರಡೂ ಮನುಷ್ಯನನ್ನ ಬಿಟ್ಟು ಇರಲಾರವು ಅಂತ ಟಾಗೋರರ ವಾದ. ಹಾಗಾದರೆ ಮನುಷ್ಯರೇ ಇಲ್ಲದೆ ಹೋದರೆ ವ್ಯಾಟಿಕನ್ನಿನಲ್ಲಿರುವ ಅಪೊಲೊ ವಿಗ್ರಹ ಚಂದ ಅಲ್ಲವೇ ಅಂತ ಐನ್‌ಸ್ಟೈನ್ ಕೇಳಿದರು. ಅಲ್ಲ, ಅಂದರು ಟಾಗೋರ್. ತಮಾಷೆ ಏನೆಂದರೆ ಇಲ್ಲಿ ಐನ್‌ಸ್ಟೈನ್ ತಕ್ಷಣ ಒಪ್ಪಿಬಿಟ್ಟರು. ಸೌಂದರ್ಯದ ಮಟ್ಟಿಗೆ ಸರಿ, ಸತ್ಯದ ಮಟ್ಟಿಗೆ ಒಪ್ಪಲಾರೆ ಅಂದರು. ಪೈಥಾಗೊರಸನ ಪ್ರಮೇಯ ಮನುಷ್ಯರಿಲ್ಲದಿದ್ದರೂ ನಿಜವೇ, ಮನೆಯಲ್ಲಿ ಯಾರೂ ಇಲ್ಲದಾಗಲೂ ಮೇಜು ಇದ್ದಲ್ಲೇ ಇರುತ್ತದೆ, ಇದು ಅವರ ಪಟ್ಟು. ಉಳಿದ ಮಾತೆಲ್ಲ ಸತ್ಯದ ಮೇಲೇ ನಡೆಯಿತು. ಸೌಂದರ್ಯದ ವಿಷಯ ನಮ್ಮೂರ ಸಭೆಯ ಹಾಗೆ ಅಲ್ಲೂ ಒಂದೇ ವಾಕ್ಯಕ್ಕೆ ಮುಗಿಯಿತು!

ಮುಗಿದದ್ದು ಒಂದೇ ಥರ ಕಂಡರೂ ಅರ್ಥ ಬೇರೆ. ಸೌಂದರ್ಯ ನೋಡುವವರ ಮೇಲೆ ನಿಂತಿದೆ ಅನ್ನೋದಕ್ಕೆ ಎರಡು ಅರ್ಥ ಇದೆ. ಒಂದು, ಮನುಷ್ಯರು ಅಂತ ಇರಬೇಕು, ಅವರ ಕಣ್ಣು ಮನಸ್ಸು ಇರಬೇಕು, ಆಗಲೇ ಚಂದ ಅನ್ನೋದು ಹುಟ್ಟುತ್ತದೆ. ಎರಡು, ಒಬ್ಬೊಬ್ಬರಿಗೆ ಒಂದೊಂದು, ಯಾರು ಏನು ಹೇಳಿದರೂ ಸರಿ. ಟಾಗೋರ್ ಹೇಳಿದ್ದು ಮೊದಲನೆಯದು. ಅವರಿಗೆ ಮನುಷ್ಯ ಅಂದರೆ ಕುಮಟೆಯ ನಾನು ಅಲ್ಲ, ಎಲ್ಲರೊಳಗೂ ಇರುವ ಒಂದು ದೊಡ್ಡ ಮನಸ್ಸು. ನಮ್ಮ ಮೊಕ್ತೇಸರರು ಹೇಳಿದ್ದು ಎರಡನೆಯದು. ನಾವು ಮೊದಲನೆಯದನ್ನ ಒಪ್ಪಿಕೊಂಡು, ಗೊತ್ತಾಗದೇ ಎರಡನೆಯದಕ್ಕೆ ಜಾರುತ್ತೇವೆ. ಗೊಂದಲ ಎಲ್ಲ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಕಾವಿಯ ಕೆಂಪನ್ನೇ ತೆಗೆದುಕೊಳ್ಳಿ. ಕೆಂಪು ಅನ್ನೋದು ಮಣ್ಣಿನಲ್ಲಿದೆಯಾ, ಕಣ್ಣಿನಲ್ಲಿದೆಯಾ? ಮಣ್ಣಿನಲ್ಲಿರುವುದು ಕಬ್ಬಿಣದ ಅಂಶ. ಅದು ಬೆಳಕಿನ ಕೆಲವು ಅಲೆಗಳನ್ನ ನುಂಗಿ ಕೆಲವನ್ನ ವಾಪಸ್ ಕಳಿಸುತ್ತದೆ. ಕೆಂಪಾಗುವುದು ನಮ್ಮ ಕಣ್ಣು ಮತ್ತು ಮಿದುಳಿಗೆ ಬಂದ ಮೇಲೆ. ದೇವಸ್ಥಾನದ ಅಂಗಳದಲ್ಲಿ ಮಲಗಿದ ನಾಯಿಗೆ ಆ ಕೆಂಪು ಕಾಣುವುದೇ ಇಲ್ಲ. ಅಂದರೆ ಕೆಂಪು ನೋಡುವವರನ್ನ ಬಿಟ್ಟು ಇಲ್ಲ. ಹಾಗಂತ ಶಿರಸಿ ಪೇಟೆಯಲ್ಲಿ ಕೆಂಪು ಸಿಗ್ನಲ್ ದಾಟಿ ಹೋಗಿ, ಕೆಂಪು ಅವರವರ ಕಣ್ಣಿಗೆ ಬಿಟ್ಟದ್ದು ಅಂತ ಪೊಲೀಸರಿಗೆ ಹೇಳಿ ನೋಡಿ. ಕಣ್ಣಿನ ಮೇಲೆ ನಿಂತದ್ದೆಲ್ಲ ಮನಸ್ಸಿಗೆ ಬಂದ ಹಾಗೆ ಅಂತ ಆಗೋದಿಲ್ಲ. ಎದುರಿಗೆ ಏನೋ ಒಂದು ಇರಬೇಕು, ಈ ಕಡೆ ಕಣ್ಣೂ ಇರಬೇಕು.

ಸರಿ, ಚಂದದ ವಿಷಯದಲ್ಲಿ ಜನ ಎಷ್ಟು ಒಪ್ಪುತ್ತಾರೆ, ಎಷ್ಟು ಬೇರೆಯಾಗುತ್ತಾರೆ? ಇದನ್ನ ಅಳೆಯುವ ಪ್ರಯತ್ನಗಳು ನಡೆದಿವೆ. 2015ರಲ್ಲಿ ಅಮೆರಿಕದ ಸಂಶೋಧಕರು ಅವಳಿಗಳಿಗೆ ಮುಖಗಳ ಫೋಟೋ ತೋರಿಸಿ ಯಾವುದು ಚಂದ ಅಂತ ಕೇಳಿದರು. 547 ಜೋಡಿ ತದ್ರೂಪಿ ಅವಳಿಗಳು, 214 ಜೋಡಿ ತದ್ರೂಪಿ ಅಲ್ಲದವರು. ಬಂದ ಉತ್ತರ ಹೆಚ್ಚುಕಮ್ಮಿ ಅರ್ಧಕ್ಕೆ ಅರ್ಧ: ಅರ್ಧದಷ್ಟು ಎಲ್ಲರ ರುಚಿಯೂ ಒಂದೇ, ಇನ್ನರ್ಧ ಅವರವರದ್ದೇ. ಆ ಅವರವರದ್ದು ಅನ್ನೋ ಭಾಗ ರಕ್ತದಲ್ಲಿ ಬಂದದ್ದೂ ಅಲ್ಲ. ಒಂದೇ ವಂಶವಾಹಿ, ಒಂದೇ ಮನೆ, ಒಂದೇ ತಟ್ಟೆಯ ಊಟ ಇದ್ದ ತದ್ರೂಪಿಗಳೂ ಅಲ್ಲಿ ಬೇರೆಯಾದರು. ಬದುಕಿನಲ್ಲಿ ಯಾರನ್ನ ನೋಡಿದರು, ಯಾರು ಹತ್ತಿರವಾದರು ಅನ್ನೋದು ಅದನ್ನ ರೂಪಿಸಿತ್ತು.

ನನಗೆ ಇನ್ನೂ ಮುಖ್ಯ ಅನ್ನಿಸಿದ್ದು 2018ರ ಇನ್ನೊಂದು ಅಧ್ಯಯನ. ಮುಖ, ನಿಸರ್ಗದ ನೋಟ, ಕಟ್ಟಡ, ಕಲಾಕೃತಿ, ಹೀಗೆ ಬೇರೆ ಬೇರೆ ಚಿತ್ರ ತೋರಿಸಿ ಜನರ ಒಪ್ಪಿಗೆ ಎಷ್ಟು ಹೊಂದುತ್ತದೆ ಅಂತ ನೋಡಿದರು. ಮುಖ ಮತ್ತು ನಿಸರ್ಗದ ವಿಷಯದಲ್ಲಿ ಒಪ್ಪಿಗೆ ಜಾಸ್ತಿ. ಕಟ್ಟಡ ಮತ್ತು ಕಲೆಯ ವಿಷಯದಲ್ಲಿ ಕಡಿಮೆ. ಅಂದರೆ ಅವರವರ ಕಣ್ಣಿಗೆ ಬಿಟ್ಟದ್ದು ಅನ್ನೋ ಮಾತು ಗೋಡೆಯ ಚಿತ್ರಕ್ಕೆ ಸ್ವಲ್ಪ ಜಾಸ್ತಿ ಒಪ್ಪುತ್ತದೆ, ಕಡಲತೀರಕ್ಕೆ ಕಡಿಮೆ ಒಪ್ಪುತ್ತದೆ. ಈಗ ಸಿಆರ್‌ಝಡ್ ಕತೆ ನೆನಪು ಮಾಡಿಕೊಳ್ಳಿ. ಜನರ ಕಣ್ಣು ಎಲ್ಲಿ ಜಾಸ್ತಿ ಒಪ್ಪುತ್ತದೋ ಅಲ್ಲೇ ನಾವು ಆ ಶಬ್ದವನ್ನ ಬಿಟ್ಟೆವು. ಇಂಗ್ಲೆಂಡಿನಲ್ಲಿ 1949ರ ಕಾನೂನು ಅಸಾಧಾರಣ ನೈಸರ್ಗಿಕ ಸೌಂದರ್ಯದ ಪ್ರದೇಶ ಅಂತಲೇ ಜಾಗಗಳನ್ನ ಗುರುತಿಸಲು ಶುರು ಮಾಡಿತು, ಆ ಪದ್ಧತಿ ಇವತ್ತಿಗೂ ನಡೆದುಕೊಂಡು ಬಂದಿದೆ. ಟೇಪು ಇಲ್ಲದೇ ಹೋದರೂ ನಾಲ್ಕು ಜನ ಕೂತು ತೀರ್ಮಾನ ಮಾಡಬಹುದು ಅನ್ನೋದಕ್ಕೆ ಅದು ಸಾಕ್ಷಿ.

ಟೈಲ್ಸ್ ಹಾಕಿದ ಮೇಲೆ ನಮ್ಮೂರಿನಲ್ಲಿ ಇನ್ನೊಂದು ಮಾತು ಕೇಳಿದೆ: ನೋಡ್ತಾ ನೋಡ್ತಾ ಅದೂ ಚಂದ ಕಾಣ್ತದೆ. ಇದರಲ್ಲಿ ಹುರುಳಿದೆ. ಮತ್ತೆ ಮತ್ತೆ ಕಂಡದ್ದು ಇಷ್ಟವಾಗುತ್ತದೆ ಅಂತ 1968ರಲ್ಲೇ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿದ್ದ. ಆದರೆ 2013ರಲ್ಲಿ ಕೆಲವರು ಇದನ್ನ ಸ್ವಲ್ಪ ತಿರುಗಿಸಿ ನೋಡಿದರು. ವಿದ್ಯಾರ್ಥಿಗಳಿಗೆ ಪಾಠದ ನಡುವೆ ಇಬ್ಬರು ಚಿತ್ರಕಾರರ ಚಿತ್ರಗಳನ್ನ ಸುಮ್ನೆ ಕೆಲವು ಸೆಕೆಂಡು ತೋರಿಸುತ್ತ ಬಂದರು. ಒಬ್ಬ ವಿಮರ್ಶಕರು ಒಪ್ಪಿದ ಮಿಲೆ, ಇನ್ನೊಬ್ಬ ಕ್ಯಾಲೆಂಡರ್ ಚಿತ್ರದ ಥರ ಸಿಹಿ ಸುರಿಯುವ ಕಿಂಕೇಡ್. ರೂಢಿಯೇ ಎಲ್ಲ ಅಂತಾದರೆ ಇಬ್ಬರೂ ಹೆಚ್ಚು ಇಷ್ಟ ಆಗಬೇಕಿತ್ತು. ಕಿಂಕೇಡನ ಚಿತ್ರಗಳನ್ನ ಜಾಸ್ತಿ ಸಲ ಕಂಡಷ್ಟೂ ಇಷ್ಟ ಕಡಿಮೆಯಾಯಿತು. ಒಂದು ಪ್ರಯೋಗದಿಂದ ಜಗತ್ತೇ ತೀರ್ಮಾನ ಆಗೋದಿಲ್ಲ, ನಿಜ. ಆದರೂ ಎದುರಿಗಿರುವ ವಸ್ತುವೂ ತನ್ನ ಪಾಲಿನ ಮಾತು ಆಡುತ್ತದೆ ಅನ್ನೋಕೆ ಇಷ್ಟು ಸಾಕು.

ಕಾವಿ ಚಿತ್ರವೂ ಹಾಗೆ ಮಾತಾಡುವ ವಸ್ತು. ಅದನ್ನ ಮಾಡುವ ರೀತಿ ತಿಳಿದ ಮೇಲೆ ನನ್ನ ಕಣ್ಣೇ ಬದಲಾಯಿತು. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡಬೇಕು. ಅದಕ್ಕೆ ತೊಳೆದ ಹೊಳೆಮರಳು, ಬೆಲ್ಲ ಸೇರಿಸಿ ದಿನಗಟ್ಟಲೆ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟಿ ಕುಟ್ಟಿ ಬೆಣ್ಣೆಯ ಹದಕ್ಕೆ ತರಬೇಕು. ಗೋಡೆಗೆ ಬಳಿದು, ಮೇಲೆ ಕೆಮ್ಮಣ್ಣಿನ ಬಣ್ಣ ಕೊಟ್ಟು, ಹಸಿ ಆರುವ ಮೊದಲೇ ಉಕ್ಕಿನ ಮೊನೆಯಿಂದ ಗೀರಿ ಕೆರೆಯಬೇಕು. ಕೆರೆದಲ್ಲಿ ಒಳಗಿನ ಬಿಳಿ ಮೇಲೆ ಬರುತ್ತದೆ. ಅಂದರೆ ಇದು ಬಣ್ಣ ಹಚ್ಚಿ ಬರೆದ ಚಿತ್ರ ಅಲ್ಲ, ಬಣ್ಣ ತೆಗೆದು ಬರೆದ ಚಿತ್ರ. ಕೈ ತಪ್ಪಿದರೆ ಒರೆಸಿ ಸರಿ ಮಾಡೋಕೆ ಬರೋದಿಲ್ಲ. ಎರಡೇ ಬಣ್ಣ, ಅದರಲ್ಲೇ ನವಿಲಿನ ಗರಿ, ಅದರಲ್ಲೇ ಗರುಡನ ಕೋಪ. ಗೋವಾದಿಂದ ನಮ್ಮ ಜಿಲ್ಲೆಯವರೆಗೆ ಕೊಂಕಣ ತೀರದ ಉದ್ದಕ್ಕೂ ಇದು ಇತ್ತು. ಶಿರಸಿಯ ಮಾರಿಕಾಂಬಾ ದೇವಸ್ಥಾನ ಇದಕ್ಕೆ ಹೆಸರಾದದ್ದು. ಹೊನ್ನಾವರ ಮೂಲದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಇವುಗಳ ಫೋಟೋ ತೆಗೆದು ಬರೆದಿಡದಿದ್ದರೆ ಎಷ್ಟು ಇತ್ತು, ಎಷ್ಟು ಹೋಯಿತು ಅನ್ನೋದೇ ನಮಗೆ ತಿಳಿಯುತ್ತಿರಲಿಲ್ಲ.

ಇದನ್ನೆಲ್ಲ ತಿಳಿಯುವ ಮೊದಲೂ ನನಗೆ ಆ ಗೋಡೆ ಇಷ್ಟವೇ. ಆದರೆ ಅಜ್ಜನ ಮನೆ ಇಷ್ಟವಾಗುವ ಹಾಗೆ. ತಿಳಿದ ಮೇಲೆ ಆ ಗೆರೆಯ ಧೈರ್ಯ ಕಾಣತೊಡಗಿತು. ಹತ್ತು ಅಡಿ ಬಳ್ಳಿಯಲ್ಲಿ ಒಂದು ಕಡೆಯೂ ಕೈ ನಡುಗಿಲ್ಲ. ಇದು ಗೋಡೆಯಲ್ಲೇ ಇತ್ತು. ನನ್ನ ಕಣ್ಣಿಗೆ ಸಿಕ್ಕಿದ್ದು ಆಮೇಲೆ.

ಕಣ್ಣು ಪಳಗುತ್ತದೆ ಅನ್ನೋದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸ ವಿಷಯ ಅಲ್ಲ. ಶಿರಸಿಯಲ್ಲಿ ಅಡಿಕೆ ಟೆಂಡರ್ ನಡೆಯುವಾಗ ಹೋಗಿ ನಿಲ್ಲಿ. ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೋಕಾ ಅಂತ ಸಾಲು ಸಾಲು. (ಇಲ್ಲಿ ರಾಶಿ ಅಂದರೆ ಅಡಿಕೆಯ ಜಾತಿ. ಬಾಯಿಮಾತಿನಲ್ಲಿ ನಮಗೆ ರಾಶಿ ಅಂದರೆ ತುಂಬಾ. ಚೊಲೊ ಅಂದರೆ ಒಳ್ಳೇದು, ಹಾಗಾಗಿ ರಾಶಿ ಚೊಲೊ ರಾಶಿ ಅಂದರೂ ತಪ್ಪಿಲ್ಲ.) ಹೊರಗಿನವರಿಗೆ ಎಲ್ಲ ಬರೀ ಅಡಿಕೆ ಗುಡ್ಡೆ. ವ್ಯಾಪಾರಿ ಬಂದು ಒಂದು ಹಿಡಿ ಎತ್ತುತ್ತಾನೆ, ಒಂದೆರಡು ಒಡೆದು ನೋಡುತ್ತಾನೆ, ದರ ಬರೆದು ಮುಂದೆ ಹೋಗುತ್ತಾನೆ. ಅವನಿಗೆ ಕಂಡ ಬಣ್ಣದ ಹದ ಪಕ್ಕದ ವ್ಯಾಪಾರಿಗೂ ಕಾಣುತ್ತದೆ. ಯಂತ್ರ ಇಲ್ಲ, ಟೇಪು ಇಲ್ಲ. ಹಾಗಂತ ಬೆಳೆಗಾರ ಯಾರೂ ಅಡಿಕೆ ಚೊಲೊ ಅನ್ನೋದು ಅವರವರ ಕಣ್ಣಿಗೆ ಬಿಟ್ಟದ್ದು, ನನ್ನ ಕೋಕಾಕ್ಕೂ ರಾಶಿಯ ದರ ಕೊಡಿ ಅಂತ ಕೇಳೋದಿಲ್ಲ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1757ರಲ್ಲಿ ರುಚಿಯ ಬಗ್ಗೆ ಬರೆಯುವಾಗ ಒಂದು ಹಳೇ ಸ್ಪೇನಿನ ಕತೆ ಹೇಳುತ್ತಾನೆ. ಇಬ್ಬರು ದ್ರಾಕ್ಷಾರಸದ ಪೀಪಾಯಿಯ ರುಚಿ ನೋಡುತ್ತಾರೆ. ಒಬ್ಬ, ಒಳ್ಳೇದಿದೆ, ಆದರೆ ಚೂರು ಚರ್ಮದ ವಾಸನೆ ಅನ್ನುತ್ತಾನೆ. ಇನ್ನೊಬ್ಬ, ಇಲ್ಲ, ಕಬ್ಬಿಣದ ವಾಸನೆ ಅನ್ನುತ್ತಾನೆ. ಜನ ಇಬ್ಬರನ್ನೂ ಗೇಲಿ ಮಾಡುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಕಬ್ಬಿಣದ ಕೀಲಿಕೈ ಸಿಗುತ್ತದೆ. ನಮ್ಮ ಕಡೆ ಜೋನಿಬೆಲ್ಲಕ್ಕೆ ಬೆರಳು ಅದ್ದಿ, ಇದು ಹೊಗೆ ಹೊಡೆದಿದೆ ಅನ್ನುವ ಅಜ್ಜಿಯರಿಗೆ ಈ ಕತೆ ಹೇಳಬೇಕಾದ್ದೇ ಇಲ್ಲ. ಹ್ಯೂಮ್ ಕೂಡ ಸೌಂದರ್ಯ ಮನಸ್ಸಿನಲ್ಲೇ ಇದೆ ಅಂದವನೇ. ಆದರೂ ಎಲ್ಲ ನಾಲಿಗೆಯೂ ಒಂದೇ ಅಲ್ಲ, ಪಳಗಿದ ನಾಲಿಗೆಗೆ ಪೀಪಾಯಿಯಲ್ಲಿ ನಿಜವಾಗಿ ಇರುವುದು ಸಿಗುತ್ತದೆ ಅಂದ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1790ರಲ್ಲಿ ಇನ್ನೊಂದು ಮಾತು ಸೇರಿಸಿದ. ಈ ಸಾರು ನನಗೆ ಇಷ್ಟ ಅಂದರೆ ಅಲ್ಲಿಗೆ ಮುಗಿಯಿತು. ಇದು ಚಂದ ಇದೆ ಅಂದಾಗ ಮಾತ್ರ ನಾವು ನಮ್ಮೊಬ್ಬರ ಪರವಾಗಿ ಮಾತಾಡುತ್ತಿಲ್ಲ, ನೀನೂ ಒಪ್ಪಬೇಕು ಅಂತ ಕೇಳುತ್ತಿದ್ದೇವೆ. ಇದಕ್ಕೂ ಎಷ್ಟೋ ಮೊದಲು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯನ ಬಗ್ಗೆ ಹೇಳಿದ್ದ. ಕಾವ್ಯವನ್ನ ಮತ್ತೆ ಮತ್ತೆ ಒಡನಾಡಿ ಮನಸ್ಸಿನ ಕನ್ನಡಿ ತಿಳಿಯಾದವನು ಸಹೃದಯ. ರಸ ಪುಟದಲ್ಲೂ ಇಲ್ಲ, ಯಾರೋ ಒಬ್ಬ ದಾರಿಹೋಕನಲ್ಲೂ ಇಲ್ಲ. ತಿಳಿಯಾದ ಕನ್ನಡಿಯ ಮುಂದೆ ಬಂದಾಗ ಅದು ಆಗುತ್ತದೆ.

ಹೊನ್ನಾವರ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಈ ಪಾಠ ಯಕ್ಷಗಾನದ ಆಟದ ಬಯಲಿನಲ್ಲೇ ಸಿಕ್ಕಿರುತ್ತದೆ. ಕೆರೆಮನೆ ಶಂಭು ಹೆಗಡೆ ಮತ್ತು ಚಿಟ್ಟಾಣಿ ರಾಮಚಂದ್ರ ಹೆಗಡೆ, ಇಬ್ಬರೂ ಇದೇ ತಾಲ್ಲೂಕಿನವರು. ಶಂಭು ಹೆಗಡೆಯವರದು ಅಳೆದು ತೂಗಿದ ಅಭಿನಯ, ತಗ್ಗಿದ ದನಿಯಲ್ಲೂ ಕೊನೆಯ ಸಾಲಿಗೆ ಮುಟ್ಟುವ ಮಾತು. ಚಿಟ್ಟಾಣಿಯವರ ಭಸ್ಮಾಸುರ, ಕೀಚಕ ರಂಗಕ್ಕೆ ಬಂದರೆ ಸಿಳ್ಳೆಗೆ ಚೆಂಡೆ ಕೇಳುತ್ತಿರಲಿಲ್ಲ. ಯಾರು ದೊಡ್ಡವರು ಅಂತ ನಮ್ಮ ಹಿರಿಯರು ಬೆಳಗಿನ ಜಾವ ಬಸ್ಸಿಗೆ ಕಾಯುತ್ತ ಜಗಳ ಆಡುತ್ತಿದ್ದರು. ಒಬ್ಬರೂ, ಹೋಗಲಿ ಬಿಡಿ, ಅದು ಅವರವರ ಇಷ್ಟ ಅಂತ ಎದ್ದು ಹೋದದ್ದನ್ನ ನಾನು ನೋಡಿಲ್ಲ. ಆ ಪದ್ಯಕ್ಕೆ ಆ ಕುಣಿತ ಯಾಕೆ, ಅಲ್ಲಿ ಕಣ್ಣು ಯಾಕೆ ಹಾಗೆ ತಿರುಗಿತು, ಪಾತ್ರದ ಘನತೆ ಎಲ್ಲಿ ಇಳಿಯಿತು, ಹೀಗೆ ಕಾರಣ ಕೊಟ್ಟು ಜಗಳ. ಇನ್ನೂ ಒಂದು ವಿಷಯ. ತಾಳ ತಪ್ಪಿದ ವೇಷಧಾರಿಯ ಬಗ್ಗೆ ಎರಡು ಪಂಗಡಕ್ಕೂ ಒಂದೇ ಅಭಿಪ್ರಾಯ. ಭಿನ್ನಾಭಿಪ್ರಾಯ ಇದ್ದದ್ದು ಶಿಖರದಲ್ಲಿ. ಬುಡದಲ್ಲಿ ಎಲ್ಲರೂ ಒಟ್ಟಿಗೇ ನಿಂತಿದ್ದರು. ರುಚಿಭೇದದ ಬಗ್ಗೆ ಮಾತಾಡುವವರು ಈ ಬುಡವನ್ನ ಮರೆತುಬಿಡುತ್ತಾರೆ.

ಇಲ್ಲಿವರೆಗೆ ಬರೆದದ್ದನ್ನ ಓದಿದರೆ ನನಗೇ ಸ್ವಲ್ಪ ಅನುಮಾನ ಬರುತ್ತದೆ. ಪಳಗಿದ ಕಣ್ಣು ಅಂತ ಹೇಳಿ, ಕೊನೆಗೆ ಓದಿದವರ ಕಣ್ಣು, ದುಡ್ಡಿದ್ದವರ ಕಣ್ಣು, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರ ಕಣ್ಣು ಅಂತ ಆಗಿಬಿಟ್ಟರೆ? ಆಗಿದೆ ಕೂಡ. ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ ಬಂತು. ದೇಶದಲ್ಲಿ ಮೊದಲ ಸಲ ಅದು ಸಿಕ್ಕ ಎಂಟು ತೀರಗಳಲ್ಲಿ ನಮ್ಮದೂ ಒಂದು. ಖುಷಿಯ ವಿಷಯವೇ. ಆದರೆ ಅದರ 33 ಮಾನದಂಡ ಇರುವುದು ನೀರಿನ ಶುದ್ಧತೆ, ಕಸ, ಶೌಚಾಲಯ, ಸುರಕ್ಷತೆ, ಮಾಹಿತಿ ಫಲಕ ಇಂಥವಕ್ಕೆ. ಎಲ್ಲ ಬೇಕಾದ್ದೇ. ನಮ್ಮ ಜನ ಮಾತ್ರ ಅದನ್ನ ಚಂದದ ಸರ್ಟಿಫಿಕೇಟು ಅಂತ ಓದಿಕೊಂಡರು. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರ ಹೆಂಗಸರು ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ಬೆಳ್ಳಿಯ ಹಾಳೆ ಹಾಸಿದ ಹಾಗೆ ಕಾಣುತ್ತದೆ ಆ ಬಯಲು. ಮೂಗು ಮುಚ್ಚಿಕೊಂಡು ದಾಟುವವರಿಗೆ ಅದು ಕಾಣೋದಿಲ್ಲ. ಇಲ್ಲಿ ಪಳಗಿಲ್ಲದ ಕಣ್ಣು ಯಾರದು? ಅಲ್ಲೇ ಖಾಸಗಿ ಬಂದರು ಬರುತ್ತದೆ ಅಂದಾಗ ಅವರು ವರ್ಷಗಟ್ಟಲೆ ಹೋರಾಡಿದ್ದು ಫೋಟೋಕ್ಕಾಗಿ ಅಲ್ಲ, ಆ ಬಯಲಿಗಾಗಿ.

ಕಾರವಾರದಲ್ಲೂ ಹಾಗೇ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆ ಶುರುವಾದಾಗ ಊರಿಗೆ ಊರೇ ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ಟಾಗೋರ್ ತೀರ ಹಾಳಾಗುತ್ತದೆ ಅಂತ ಪೇಟೆಯವರೂ ಹೇಳಿದರು, ಮೀನುಗಾರರೂ ಹೇಳಿದರು. ಹೇಳಿದ್ದು ಒಂದೇ ಮಾತು, ನೋಡಿದ್ದು ಬೇರೆ. ಪೇಟೆಯವರಿಗೆ ಸಂಜೆಯ ನಡಿಗೆ, ಮುಳುಗುವ ಸೂರ್ಯ. ಮೀನುಗಾರರಿಗೆ ರಂಪಣಿ ಎಳೆಯುವ ಜಾಗ. ರಂಪಣಿ ಬಲೆಗೆ ಉದ್ದನೆಯ, ಕಲ್ಲಿಲ್ಲದ, ಸಣ್ಣಗೆ ಇಳಿಯುವ ಮರಳು ಬೇಕು, ಹತ್ತಾರು ಜನ ಸಾಲಾಗಿ ನಿಂತು ಎಳೆಯಬೇಕು. ಅರ್ಗಾ ಕಡೆಯ ತೀರಗಳು ಸೀಬರ್ಡ್ ನೌಕಾನೆಲೆಗೆ ಹೋದ ಮೇಲೆ ಅಂಥ ಜಾಗ ಉಳಿದದ್ದೇ ಕಡಿಮೆ. ಗಮನಿಸಿ: ಟಾಗೋರರು ಕಂಡ ಅರ್ಧಚಂದ್ರದ ಬಾಗು ಮತ್ತು ರಂಪಣಿಗೆ ಬೇಕಾದ ಬಾಗು ಒಂದೇ. ಒಬ್ಬರಿಗೆ ಅದು ನೋಟ, ಇನ್ನೊಬ್ಬರಿಗೆ ಅನ್ನ. ನಮ್ಮ ಕಡೆಯ "ಚೊಲೊ" ಅನ್ನೋ ಶಬ್ದಕ್ಕೆ ಚಂದ ಅಂತಲೂ ಅರ್ಥ, ಒಳ್ಳೇದು ಅಂತಲೂ ಅರ್ಥ. ತತ್ವಜ್ಞಾನಿಗಳು ಇವೆರಡನ್ನೂ ಬೇರೆ ಮಾಡಲು ಬಹಳ ಕಷ್ಟಪಟ್ಟಿದ್ದಾರೆ. ಅಂಥ ಜಾಗವನ್ನ ನಮ್ಮ ಜನ ಒಂದೇ ಶಬ್ದದಲ್ಲಿ ಚೊಲೊ ಅಂದರೆ ಅದು ಶಬ್ದದ ಬಡತನ ಅಂತ ನನಗನ್ನಿಸೋದಿಲ್ಲ.

ಹೀಗಾಗಿ ಪಳಗಿದ ಕಣ್ಣು ಅಂದರೆ ಮ್ಯೂಸಿಯಂ ಕಂಡ ಕಣ್ಣು ಅಂತ ಮಾತ್ರ ನಾನು ಒಪ್ಪೋದಿಲ್ಲ. ಆ ಜಾಗದ ಜೊತೆ ಎಷ್ಟು ಕಾಲ, ಎಷ್ಟು ಕಡೆಯಿಂದ ಒಡನಾಡಿದೆ ಅನ್ನೋದು ಮುಖ್ಯ. ರೀಲ್ಸ್ ಮಾಡಲು ಯಾಣದ ಬಂಡೆಯ ಮುಂದೆ ಹದಿನೈದು ಸೆಕೆಂಡು ನಿಂತವನಿಗೂ ಒಂದು ಕಣ್ಣಿದೆ, ಇಲ್ಲ ಅನ್ನಲ್ಲ. ಸಿದ್ದಾಪುರದ ಕಾಡಂಚಿನಲ್ಲಿ ಇದ್ದು, ಬೇಸಿಗೆ ಬಂದರೆ ಮಂಗನ ಕಾಯಿಲೆಗೆ ಹೆದರಿ ಸೊಪ್ಪಿಗೆ ಹೋಗಲು ಹಿಂದೆ ಮುಂದೆ ನೋಡುವವನಿಗೆ ಅದೇ ಹಸಿರು ಬೇರೆ. ದೂರದ ಬೆಟ್ಟ ನುಣ್ಣಗೆ ಅಂತ ಸುಮ್ನೆ ಹೇಳಿಲ್ಲ.

ತಿಳಿವಳಿಕೆ ಕಣ್ಣನ್ನ ಪಳಗಿಸುವುದಷ್ಟೇ ಅಲ್ಲ, ಕಲಕಿಯೂ ಬಿಡುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಗೆ, ಗಂಗಾವಳಿ ನದಿಗೆ ಬಿತ್ತು. ಹಲವರು ಜೀವ ಕಳೆದುಕೊಂಡರು. ಮೊದಲು ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವಾಗ ಒಂದು ಕಡೆ ಹೊಳೆ, ಒಂದು ಕಡೆ ತೊಟ್ಟಿಕ್ಕುವ ಹಸಿರು ಗುಡ್ಡ ನೋಡಿ, ಆಹಾ ಅನ್ನುತ್ತಿದ್ದೆ. ಈಗಲೂ ಗುಡ್ಡ ಹಸಿರೇ. ಆದರೆ ಕಡಿದ ಬದಿ ಕಂಡ ಕೂಡಲೇ ಹೊಟ್ಟೆಯಲ್ಲಿ ಏನೋ ಬಿಗಿಯಾಗುತ್ತದೆ, ಕೈ ಸ್ಟೇರಿಂಗ್ ಹಿಡಿಯುತ್ತದೆ. ಬದಲಾದದ್ದು ನಾನಾ, ಗುಡ್ಡವಾ? ಗುಡ್ಡವನ್ನ ನೇರ ಕಡಿದದ್ದೂ ನಿಜ, ನನಗೆ ಅದು ತಿಳಿದದ್ದೂ ನಿಜ. ಎರಡನ್ನೂ ಬಿಡಿಸಿ ನೋಡಲು ನನಗೆ ಬರೋದಿಲ್ಲ. ಬಹುಶಃ ಬಿಡಿಸಬೇಕಾದ್ದೂ ಇಲ್ಲ.

ಕೊನೆಗೂ ನಮ್ಮೂರ ದೇವಸ್ಥಾನಕ್ಕೆ ಟೈಲ್ಸ್ ಬಿತ್ತು. ನಸು ಹಳದಿ, ಮೇಲೆ ಮಾರ್ಬಲ್ಲಿನ ಗೆರೆ ಇರುವಂಥದ್ದು. ಸುಣ್ಣದ ಗಾರೆ ಇದ್ದಾಗ ಚಿರೆಕಲ್ಲಿನ ಗೋಡೆ ಹೀರಿದ ನೀರು ಬಿಸಿಲಿಗೆ ಆರಿ ಹೋಗುತ್ತಿತ್ತು. ಈಗ ಆರೋಕೆ ದಾರಿ ಇಲ್ಲದೇ ಒಳಬದಿಯಲ್ಲಿ ಉಬ್ಬು ಬಂದಿದೆ. ಅದು ಬೇರೆ ಕತೆ.

ಹಿಂಬದಿಯಲ್ಲಿ ಒಂದು ಮೂಲೆ ಮಾತ್ರ ಹಾಗೇ ಉಳಿದಿದೆ. ಒಂದು ಮಾರು ಅಗಲ. ಜೋಡಿ ನವಿಲಿನಲ್ಲಿ ಒಂದು, ಬಳ್ಳಿಯ ಒಂದು ತಿರುವು. ಅಲ್ಲಿ ದೀಪದ ಎಣ್ಣೆಯ ಡಬ್ಬ, ಮುರಿದ ಕುರ್ಚಿ ಇಡುತ್ತಾರೆ. ನನಗೆ ಒಳಗೊಳಗೇ ಖುಷಿ. ಮೊಕ್ತೇಸರರನ್ನ ಕೇಳಿದೆ, "ಇದನ್ನ ನೀವೇ ಬಿಡಿಸಿದ್ದಾ?"

"ಎಂತ ಬಿಡಿಸೋದು ಮಾರಾಯ. ಟೈಲ್ಸ್ ಸಾಕಾಗಲಿಲ್ಲ."

ಈ ವರ್ಷ ತೇರಿನ ದಿನ ಹೋದಾಗ ಅಲ್ಲಿ ಹುಡುಗಿಯರ ಗುಂಪು. ಸೀರೆ ಉಟ್ಟು, ಹೂವು ಮುಡಿದು, ಆ ನವಿಲಿನ ಮುಂದೆ ಒಬ್ಬೊಬ್ಬರಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಟೈಲ್ಸಿನ ಮುಂದೆ ಯಾರೂ ಇರಲಿಲ್ಲ. ಮೊಕ್ತೇಸರರು ಸ್ವಲ್ಪ ಹೊತ್ತು ದೂರ ನಿಂತು ನೋಡಿದರು. ಆಮೇಲೆ ಒಳಗಿದ್ದ ಹುಡುಗನನ್ನ ಕರೆದು ಹೇಳಿದರು: "ಆ ಎಣ್ಣೆ ಡಬ್ಬ ಅತ್ಲಾಗೆ ಇಡಾ. ಫೋಟೋದಲ್ಲಿ ಬರ್ತದೆ."